ಗೋಡೆಯ ಮೇಲಿಟ್ಟದ್ದು

ಗೋಡೆಯ ಮೇಲಿಟ್ಟದ್ದನ್ನು ಕೇಳಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಇಟ್ಟವರು ಯಾರೆಂದು ವಿಚಾರಿಸುವ ಹಾಗಿರಲಿಲ್ಲ. ತೆಗೆದುಕೊಂಡವರನ್ನು ತಿರುಗಿ ನೋಡುವ ಹಾಗೂ ಇರಲಿಲ್ಲ. ಕಸದ ಗುಡ್ಡದಲ್ಲಿ ಹೊಟ್ಟೆ ಹೊರೆಯುವವರು ತಮಗೆ ತಾವೇ ಮಾಡಿಕೊಂಡಿದ್ದ ಕಟ್ಟಳೆ ಅದೊಂದೇ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಗುಡ್ಡದ ಬುಡದಲ್ಲಿ ಯಾವ ಕಾಲದ್ದೋ ಒಂದು ಮೋಟುಗೋಡೆಯಿತ್ತು. ಎದೆಮಟ್ಟ ಎತ್ತರ. ಚಾವಣಿ ಹೋಗಿ, ಉಳಿದ ಮೂರು ಗೋಡೆಗಳು ಹೋಗಿ, ಇದೊಂದು ಹಟಮಾರಿ ಮುದುಕನ ಹಾಗೆ ನಿಂತಿತ್ತು. ಕೊಕ್ಕೆಯಿಂದ ಕಸ ಕೆದರುವಾಗ ಇನ್ನೂ ಜೀವ ಇರುವ ಸಾಮಾನು ಸಿಕ್ಕರೆ ಅದನ್ನು ಚೀಲಕ್ಕೆ ಹಾಕುತ್ತಿರಲಿಲ್ಲ. ಗುಜರಿಯ ತಕ್ಕಡಿ ಏರಿದರೆ ಒಳ್ಳೆಯ ಸ್ಟೌವಿಗೂ ಮುರಿದ ಸ್ಟೌವಿಗೂ ಒಂದೇ ಬೆಲೆ. ಅದರ ಬದಲು ಗೋಡೆಯ ಮೇಲಿಡುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ಬೇಕಾದವರು ಎತ್ತಿಕೊಳ್ಳುತ್ತಿದ್ದರು. ಹಿಡಿ ಸಡಿಲಾದ ಬಾಣಲೆ, ಗುಂಡಿ ಹೋದ ಸ್ವೆಟರು, ಕಣ್ಣಿಲ್ಲದ ಬೊಂಬೆ, ಗೊರಗೊರ ಅನ್ನುತ್ತಲೇ ಗಾಳಿ ಬೀಸುವ ಫ್ಯಾನು. ಗೋಡೆಯಿಂದ ಬಂದ ಒಂದಾದರೂ ಸಾಮಾನು ಇಲ್ಲದ ಗುಡಿಸಲು ಅಲ್ಲಿರಲಿಲ್ಲ.

ಆ ಗೋಡೆಯನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಗೋಡೆಯವ್ವ ಎನ್ನುತ್ತಿದ್ದರು. ನೋಡಿಕೊಳ್ಳುವುದೆಂದರೆ ದೊಡ್ಡದೇನಲ್ಲ. ಮಳೆ ಬಂದರೆ ತಾಡಪಾಲು ಹೊದಿಸುವುದು, ಎರಡೆರಡು ಎತ್ತಿಕೊಳ್ಳುವ ಆಸೆಬುರುಕರು ಬಂದರೆ ಬೆನ್ನು ತಿರುಗಿಸಿಕೊಂಡೇ ಒಮ್ಮೆ ಕೆಮ್ಮುವುದು. ಹಳ್ಳಿಯಲ್ಲಿದ್ದಾಗ ಅವಳ ಅಪ್ಪ ಊರವರ ಕಣ ಕಾಯುತ್ತಿದ್ದ. ರಾಶಿ ಎತ್ತಿದ ಮೇಲೆ ಕಣದಲ್ಲಿ ಉದುರಿದ ಕಾಳನ್ನು ಆಯಲು ಬರುವವರ ಕಡೆ ನೋಡಬಾರದು ಎಂದು ಅವನು ಹೇಳಿಕೊಟ್ಟಿದ್ದ. "ನೋಡಿದ್ರೆ ಅವರಿಗೆ ನಾಚಿಕೆ ಆಗುತ್ತೆ ಮಗಾ. ನಾಚಿಕೆ ಆದ್ರೆ ನಾಳೆ ಬರಲ್ಲ. ಬರದಿದ್ರೆ ಉಪವಾಸ." ಅಪ್ಪ ಬಿಟ್ಟುಹೋದ ಆಸ್ತಿ ಅಷ್ಟೇ. ಗೋಡೆಯವ್ವ ಅದನ್ನು ತಂದು ಕಸದ ಗುಡ್ಡಕ್ಕೆ ಹೂಡಿದ್ದಳು.

ಆಮೇಲೆ ಕಾಯಿದೆ ಬಂತು.

ಒಳ್ಳೆಯ ಕಾಯಿದೆಯೆಂದೇ ಎಲ್ಲರೂ ಹೇಳಿದರು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ದೊಡ್ಡ ಮನುಷ್ಯ ಗುಡ್ಡದ ಹತ್ತಿರ ಶಾಮಿಯಾನ ಹಾಕಿಸಿ ಭಾಷಣ ಮಾಡಿದ. ಇನ್ನು ಮುಂದೆ ಯಾವುದೂ ಕಸವಲ್ಲ, ಮಾಡಿದ್ದೆಲ್ಲ ಮತ್ತೆ ಮಾಡಿದವನ ಕೈಗೇ ಬರಬೇಕು, ವಸ್ತು ಎನ್ನುವುದು ಚಕ್ರದ ಹಾಗೆ ಸುತ್ತುತ್ತಿರಬೇಕು ಎಂದ. ಹಿಂದಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗಾಡಿಯಣ್ಣ, ಅಂದರೆ ಇವರ ಮೂಟೆಗಳನ್ನೆಲ್ಲ ತಳ್ಳುಗಾಡಿಯಲ್ಲಿ ಗುಜರಿಗೆ ಸಾಗಿಸುತ್ತಿದ್ದವನು, ಪಕ್ಕದವರಿಗೆ ಕೇಳುವ ಹಾಗೆ ಹೇಳಿದ: "ಚಕ್ರ ಅಂತೆ ಕಣ್ರೋ. ನನ್ನ ಗಾಡಿಗೆ ಇಷ್ಟು ವರ್ಷ ಏನಿತ್ತು, ಮಣೆನಾ?"

ಜನ ನಕ್ಕರು. ನಕ್ಕಿದ್ದು ಅದೇ ಕೊನೆ.

ಗುಡ್ಡಕ್ಕೆ ಬೇಲಿ ಬಂತು. ಎಸೆದದ್ದೆಲ್ಲ ಕಸದ ಗುತ್ತಿಗೆ ಹಿಡಿದ ಕಂಪನಿಯ ಸೊತ್ತು ಎಂದು ಬೇಲಿಗೆ ಬೋರ್ಡು ಬಂತು. ತಳ್ಳುಗಾಡಿಯಲ್ಲಿ ಗುಜರಿ ಸಾಗಿಸುವುದು ಅಪರಾಧವಾಯಿತು. ಗೋಡೆಯನ್ನು ಮೊದಲ ದಿನವೇ ಯಂತ್ರ ಕೆಡವಿತು. ಇಟ್ಟಿಗೆಗಳನ್ನು ಪುಡಿ ಮಾಡಿ ಲಾರಿ ಬರುವ ದಾರಿಗೆ ಹಾಸಿದರು. ಕಾಯಿದೆ ಪ್ರಕಾರ ಅವೂ ಕಸವಲ್ಲ.

ಬೇಲಿಯೊಳಗೆ ತಗಡಿನ ಉದ್ದನೆಯ ಶೆಡ್ಡು ಎದ್ದಿತು. ಕೊಕ್ಕೆ ಕೆಳಗಿಟ್ಟವರಲ್ಲಿ ಗಟ್ಟಿಯಾಗಿದ್ದವರಿಗೆ ಕಾರ್ಡು ಕೊಟ್ಟರು. ನೀಲಿ ಕೋಟು, ರಬ್ಬರ್ ಬೂಟು, ಗಂಡಸರ ಅಳತೆಯ ಕೈಗವಸು ಕೊಟ್ಟರು. ಗೋಡೆಯವ್ವನಿಗೆ ಸಾಮಾನು ಸಾಗಿಬರುವ ಬೆಲ್ಟಿನ ಮುಂದೆ ನಿಂತು ಆರಿಸುವ ಕೆಲಸ. ಗಾಡಿಯಣ್ಣನ ಹೆಂಡತಿ ಗಾಡಿಯಕ್ಕನಿಗೆ ಗುಡಿಸಿ ತೊಳೆಯುವ ಕೆಲಸ. ಗಾಡಿಯಣ್ಣನಿಗೆ ವಯಸ್ಸಾಯಿತೆಂದು ಕಾರ್ಡು ಕೊಡಲಿಲ್ಲ. ಕಾರ್ಡಿಲ್ಲದೆಯೂ ಲಾರಿಗೆ ಮೂಟೆ ಹೇರಲು ಕರೆದರು, ಹೋದ. ಒಂದು ದಿನ ಕಟ್ಟು ಹಾಕಿದ ತಗಡಿನ ಮೂಟೆ ಜಾರಿ ಅವನ ಸೊಂಟದ ಮೇಲೆ ಕೂತಿತು. ಕಾರ್ಡಿಲ್ಲದ ಮನುಷ್ಯ ಶೆಡ್ಡಿನೊಳಗೆ ಇರಲೇ ಇಲ್ಲ ಎಂದರು. ಇರದ ಮನುಷ್ಯನ ಸೊಂಟ ಮುರಿಯುವುದು ಹೇಗೆ?

ಬೆಲ್ಟಿನ ಆ ತುದಿಯಲ್ಲಿ ಪುಡಿ ಮಾಡುವ ಯಂತ್ರವಿತ್ತು. ಹೆಂಗಸರು ಅದಕ್ಕೆ ಹೊಟ್ಟೆಬಾಕ ಎಂದು ಹೆಸರಿಟ್ಟಿದ್ದರು. ಕಬ್ಬಿಣ ಒಂದು ಬಾಯಿಗೆ, ಪ್ಲಾಸ್ಟಿಕ್ ಒಂದು ಬಾಯಿಗೆ, ಅಲ್ಯುಮಿನಿಯಂ ಮತ್ತೊಂದು ಬಾಯಿಗೆ. ಶೆಡ್ಡಿಗಿದ್ದದ್ದು ಒಂದೇ ನಿಯಮ: ಒಳಗೆ ಬಂದದ್ದು ಇಡಿಯಾಗಿ ಹೊರಗೆ ಹೋಗಬಾರದು. ಸರ್ಕಾರ ಕಂಪನಿಗೆ ಹಣ ಕೊಡುತ್ತಿದ್ದದ್ದು ಪುಡಿಯ ತೂಕದ ಮೇಲೆ. ಹಳೆಯದು ನಡೆಯುತ್ತಿದ್ದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎನ್ನುವುದು ಸಾಮಾನು ಮಾಡುವವರ ಚಿಂತೆ. ಇಬ್ಬರ ಚಿಂತೆಯೂ ಹೊಟ್ಟೆಬಾಕನ ಬಾಯಿಯಲ್ಲಿ ಕೂಡಿಕೊಳ್ಳುತ್ತಿತ್ತು.

ಬೆಳಗಿನಿಂದ ನಿಂತು ಗೋಡೆಯವ್ವನ ಮೊಣಕಾಲು ಮರಗಟ್ಟುತ್ತಿತ್ತು. ಗವಸಿನ ಬೆರಳುಗಳು ಉದ್ದವಾಗಿ ಜೋತುಬಿದ್ದು ಬೆಲ್ಟಿಗೆ ಸಿಕ್ಕಿಕೊಳ್ಳುತ್ತಿದ್ದವು. ಅದಕ್ಕೆ ಗವಸು ತೆಗೆದೇ ಕೆಲಸ ಮಾಡುತ್ತಿದ್ದಳು. ಅಂಗೈ ಬಿರಿದು ಬಿರುಕಿನೊಳಗೆ ಕಪ್ಪು ಕೂತಿತ್ತು. ಗುಡ್ಡದಲ್ಲಿಯೂ ಕೈ ಹೀಗೆಯೇ ಇತ್ತು, ಅದಕ್ಕವಳು ಅಳುತ್ತಿರಲಿಲ್ಲ. ಕರೆಂಟು ಕೊಟ್ಟರೆ ತಿರುಗುವ ಮಿಕ್ಸಿ, ಒಂದು ಹೊಲಿಗೆ ಹಾಕಿದರೆ ನಡೆಯುವ ಶೂ, ಮುಳ್ಳು ಇನ್ನೂ ಟಿಕ್ ಟಿಕ್ ಅನ್ನುತ್ತಿದ್ದ ಗೋಡೆ ಗಡಿಯಾರ. ಇವನ್ನೆಲ್ಲ ತನ್ನ ಕೈಯಿಂದಲೇ ತಳ್ಳಬೇಕಿತ್ತು. ಗಡಿಯಾರವನ್ನು ತಳ್ಳಿದ ದಿನ ಅವಳಿಗೆ ಊಟ ಸೇರಲಿಲ್ಲ.

"ಉಸಿರಾಡೋದನ್ನ ಹೂತ ಹಾಗೆ ಕಣೇ," ಎಂದಳು ಡಬ್ಬಿ ಮುಚ್ಚುತ್ತ.

ಗಾಡಿಯಕ್ಕ ಕೈಬಾಯಿ ತೊಳೆಯುವ ನಲ್ಲಿಯ ಪಕ್ಕ ಬೆನ್ನು ಒರಗಿಸಿ ಕೂತಿದ್ದಳು. "ಉಸಿರಾಡೋದನ್ನ ಮನೇಲಿ ಇಟ್ಕೊಂಡು ಒದ್ದಾಡ್ತಿದೀನಿ, ನೀನು ಗಡಿಯಾರಕ್ಕೆ ಅಳ್ತೀಯ."

"ಹೇಗಿದ್ದಾನೆ?"

"ಹೇಗಿರ್ತಾನೆ. ಪಾಯಿಖಾನೆಗೆ ತೆವಳ್ಕೊಂಡು ಹೋಗ್ತಾನೆ. ನಾನು ಮನೇಲಿದ್ರೆ ಹೊತ್ಕೊಂಡು ಹೋಗ್ತೀನಿ, ನನ್ನ ಬೆನ್ನೂ ಬಿದ್ದುಹೋಯ್ತು. ನಿನ್ನೆ ದಾರೀಲೇ ಆಯ್ತು. ಒರೆಸ್ತಾ ಇದ್ರೆ, 'ಗಾಡಿ ಸೋರ್ತಾ ಇದೆ ಕಣೇ, ಗುಜರಿಗೆ ಹಾಕು' ಅಂತಾನೆ. ನಗಿಸೋಕೆ ಅಂದಿದ್ದು. ಆಮೇಲೆ ಗೋಡೆ ಕಡೆ ತಿರುಗಿ ಮಲಗ್ದ. ಹೆಗಲು ಅಲ್ಲಾಡ್ತಿತ್ತು."

ಗೋಡೆಯವ್ವ ಡಬ್ಬಿಯನ್ನು ಅವಳ ಕಡೆ ಸರಿಸಿದಳು. ಹೇಳಲು ಏನಿದ್ದರೂ ಅದರಿಂದ ಮನುಷ್ಯ ಎದ್ದು ನಡೆಯುವುದಿಲ್ಲ.

ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಆಸ್ಪತ್ರೆಯೊಂದರ ಹಳೆಯ ಸಾಮಾನಿನ ಲಾರಿ ಬಂತು. ಮುರುಕು ಮಂಚಗಳು, ತುಕ್ಕು ಹಿಡಿದ ಟ್ರೇಗಳು, ಸೊಟ್ಟಗಾದ ಕೊಳವೆಗಳು ಬೆಲ್ಟಿನ ಮೇಲೆ ಬಂದವು. ಅವುಗಳ ಹಿಂದೆಯೇ ಅದು ಬಂತು. ನಡೆಯಲಾಗದವರು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟು ಹೆಜ್ಜೆ ಹಾಕುವ ನಾಲ್ಕು ಕಾಲಿನ ಚೌಕಟ್ಟು, ವಾಕರ್. ಅಲ್ಯುಮಿನಿಯಂ. ಎಲ್ಲೂ ಬಾಗಿರಲಿಲ್ಲ. ಒಂದು ಕಾಲಿನ ತುದಿಗೆ ರಬ್ಬರ್ ಇರಲಿಲ್ಲ, ಅಷ್ಟೇ.

ಗೋಡೆಯವ್ವ ಅದನ್ನು ಎತ್ತಿ ಕೆಳಗಿಟ್ಟಳು. ಒಮ್ಮೆ ಒತ್ತಿ ನೋಡಿದಳು. ಗಟ್ಟಿಯಾಗಿ ನಿಂತಿತು. ಮುಂದೇನಾಯಿತೆಂದು ಅವಳನ್ನು ಆಮೇಲೆ ಎಷ್ಟು ಸಲ ಕೇಳಿದರೂ ಅವಳಿಗೆ ಬೇರೆ ಉತ್ತರ ಇರಲಿಲ್ಲ. ಕೈಗೆ ಅಭ್ಯಾಸವಾದದ್ದನ್ನು ಕೈ ಮಾಡಿತು. ಅದನ್ನು ಎತ್ತಿಕೊಂಡು ಹೋಗಿ, ನಲ್ಲಿಯ ಪಕ್ಕ ನೀರು ಸಿಡಿಯದಿರಲೆಂದು ಕಟ್ಟಿದ್ದ ಮೋಟುಗೋಡೆಯ ಮೇಲಿಟ್ಟು, ತಿರುಗಿ ಬಂದು ಬೆಲ್ಟಿನ ಮುಂದೆ ನಿಂತಳು. ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲವಲ್ಲ. ಅತ್ತ ನೋಡಲೂ ಇಲ್ಲ.

ನೆಲ ತೊಳೆಯಲು ನಲ್ಲಿಗೆ ಬಂದ ಗಾಡಿಯಕ್ಕ ಗೋಡೆಯ ಮೇಲೆ ಅದನ್ನು ಕಂಡಳು. ಅವಳೂ ಗುಡ್ಡದವಳು. ಇಟ್ಟವರಾರೆಂದು ಸುತ್ತ ನೋಡಲಿಲ್ಲ. ಕೆಲಸ ಮುಗಿದ ಗಂಟೆ ಬಾರಿಸಿದಾಗ ವಾಕರನ್ನು ಹೆಗಲಿಗೇರಿಸಿಕೊಂಡು ದೊಡ್ಡ ಗೇಟಿನ ಕಡೆಗೆ ನಡೆದಳು. ಹಿಂಬಾಗಿಲು ಹಿಡಿಯಲಿಲ್ಲ, ಸೆರಗು ಮುಚ್ಚಲಿಲ್ಲ. ಬಿಸಿಲಿಗೆ ಅಲ್ಯುಮಿನಿಯಂ ಫಳಫಳ ಹೊಳೆಯುತ್ತಿತ್ತು. ಕದಿಯುವವರು ಹಾಗೆ ಒಯ್ಯುವುದಿಲ್ಲ. ಆದರೆ ಗೇಟಿನ ಕಾವಲಿನವನು ಬೇರೆ ಕಡೆಯಿಂದ ಬಂದವನು. ಅವನಿಗೆ ಗೋಡೆಯ ವಿಷಯ ಗೊತ್ತಿರಲಿಲ್ಲ. ಅವಳ ರಟ್ಟೆ ಹಿಡಿದ.

ಆ ದಿನ ಕಾಯಿದೆ ಮೇಡಂ ಬಂದಿದ್ದಳು. ಶೆಡ್ಡುಗಳು ಕಾಯಿದೆ ಪ್ರಕಾರ ನಡೆಯುತ್ತವೆಯೇ ಎಂದು ಆಗಾಗ ನೋಡಲು ಬರುವ ಸರ್ಕಾರದ ಹೆಣ್ಣುಮಗಳು. ವಯಸ್ಸು ಚಿಕ್ಕದು, ಹೆಂಗಸರ ಜೊತೆ ನಿಂತು ನೀರು ಕೇಳಿ ಕುಡಿಯುವವಳು. ಮ್ಯಾನೇಜರ್ ಅವಳಿಗೆ ಟೀ ತರಿಸುತ್ತಿದ್ದಾಗಲೇ ಕಾವಲಿನವನು ಗಾಡಿಯಕ್ಕನನ್ನೂ ವಾಕರನ್ನೂ ಎಳೆದು ತಂದು ಎದುರಿಗೆ ನಿಲ್ಲಿಸಿದ. ಮುಚ್ಚಿಹಾಕಲು ದಾರಿ ಉಳಿಯಲಿಲ್ಲ.

"ಯಾರು ಕೊಟ್ಟಿದ್ದು ಇದನ್ನ?" ಎಂದು ಮ್ಯಾನೇಜರ್ ಕೇಳಿದ.

"ಯಾರೂ ಕೊಟ್ಟಿಲ್ಲ," ಎಂದಳು ಗಾಡಿಯಕ್ಕ.

"ಮತ್ತೆ ಕದ್ದೆಯಾ?"

"ಕದ್ದಿಲ್ಲ."

"ಕೊಟ್ಟೂ ಇಲ್ಲ, ಕದ್ದೂ ಇಲ್ಲ. ಕಾಲಿತ್ತು, ಅದೇ ನಡ್ಕೊಂಡು ಬಂತಾ?"

ಗೋಡೆಯ ಮೇಲಿತ್ತು ಎಂದರೆ ಇಟ್ಟವರಾರು ಎಂಬ ಪ್ರಶ್ನೆ ಬರುತ್ತದೆ. ಗಾಡಿಯಕ್ಕ ತುಟಿ ಬಿಚ್ಚಲಿಲ್ಲ.

ಮೇಸ್ತ್ರಿ ಓಡಿ ಬಂದು ಗೋಡೆಯವ್ವನನ್ನು ನಲ್ಲಿಯ ಹತ್ತಿರ ಹಿಡಿದ. ಇವನು ಹಿಂದೆ ಗುಜರಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವನು. ಕಾಯಿದೆ ಬಂದ ಮೇಲೆ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಮೇಸ್ತ್ರಿಯಾಗಿದ್ದ. ಈಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಅವ್ವ, ಒಂದು ಮಾತು ಹೇಳು ಸಾಕು. ಇದು ಬೆಲ್ಟಿನ ಮೇಲೆ ಬಂತು, ಪಕ್ಕಕ್ಕಿಟ್ಟಿದ್ದೆ, ಅವಳು ಎತ್ಕೊಂಡು ಹೋಗಿದ್ದನ್ನ ನೋಡ್ದೆ ಅಂತ ಹೇಳಿಬಿಡು. ಅಲ್ಲಿಗೆ ಮುಗೀತು."

"ಅವಳಿಗೆ ಏನಾಗುತ್ತೆ?"

ಮೇಸ್ತ್ರಿ ನಲ್ಲಿಯ ಕಡೆ ನೋಡಿದ. "ಕಾರ್ಡು ಹೋಗುತ್ತೆ. ಪೊಲೀಸಿಗೆ ಕೊಡ್ತಾರೆ. ಎರಡು ದಿನ ಇಟ್ಕೊಂಡು ಬಿಡಬಹುದು."

"ಹೇಳದಿದ್ರೆ?"

"ಹೇಳದಿದ್ರೆ ಶೆಡ್ಡಿನೋರೇ ಇಡಿಯಾಗಿ ಹೊರಗೆ ಬಿಟ್ರು ಅಂತ ಆಗುತ್ತೆ. ಶೆಡ್ಡಿಗೆ ಕೆಟ್ಟ ಹೆಸರು. ಇಟ್ಟೋಳು ನೀನು. ನಿನ್ನ ಕಾರ್ಡೂ ಹೋಗುತ್ತೆ, ಅವಳದೂ ಹೋಗುತ್ತೆ. ನನ್ನದೂ ಉಳಿಯಲ್ಲ. ಒಬ್ಬಳು ಹೋದ್ರೆ ಇಬ್ಬರು ಉಳೀತೀವಿ. ಯೋಚನೆ ಮಾಡು. ಈ ವಯಸ್ಸಲ್ಲಿ ನಿನ್ನ ಯಾರು ಕೆಲಸಕ್ಕೆ ಕರೀತಾರೆ? ಗುಡ್ಡಾನೂ ಇಲ್ಲ, ಹಿಂದಕ್ಕೆ ಹೋಗೋಣ ಅಂದ್ರೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇಲಿ ಬಿದ್ದ ಮೇಲೆ ಗುಡ್ಡ ಅವರ ಪಾಲಿಗೆ ಇರಲಿಲ್ಲ. ಕೊಕ್ಕೆಯನ್ನೂ ಅವಳು ಕೊಟ್ಟುಬಿಟ್ಟಿದ್ದಳು, ಅದೂ ಹೊಟ್ಟೆಬಾಕನ ಪಾಲಾಗಿತ್ತು. ಮನೆಯಲ್ಲಿ ಅವಳನ್ನು ಬಿಟ್ಟರೆ ದುಡಿಯುವವರಿಲ್ಲ. ಗೋಡೆಯವ್ವ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಕಪ್ಪು ಹೋಗಲಿಲ್ಲ.

ಮ್ಯಾನೇಜರನ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಟೀ ಮೇಲೆ ಕೆನೆ ಕಟ್ಟಿತ್ತು. ವಾಕರ್ ನಡುಮಧ್ಯೆ ನಿಂತಿತ್ತು. ಒಂದು ಕಾಲಿಗೆ ರಬ್ಬರಿಲ್ಲದ್ದರಿಂದ ತುಸು ವಾಲಿತ್ತು. ಅದರ ಪಕ್ಕದಲ್ಲಿ ಗಾಡಿಯಕ್ಕ ನೆಲ ನೋಡುತ್ತ ನಿಂತಿದ್ದಳು. ರಟ್ಟೆಯ ಮೇಲೆ ಐದು ಬೆರಳು ಮೂಡಿದ್ದವು.

ಕಾಯಿದೆ ಮೇಡಂ ಮೆತ್ತಗೆ ಕೇಳಿದಳು: "ಅಮ್ಮ, ಹೆದರಬೇಡಿ. ಇದು ನಿಮ್ಮ ಬೆಲ್ಟಿನ ಮೇಲೆ ಬಂದದ್ದಾ?"

"ಹೌದು."

"ನೀವು ಯಂತ್ರಕ್ಕೆ ಯಾಕೆ ಹಾಕಲಿಲ್ಲ?"

"ಜೀವ ಇತ್ತು."

ಮ್ಯಾನೇಜರ್ ನಕ್ಕ. ಮೇಡಂ ನಗಲಿಲ್ಲ. "ಇವರು ಇದನ್ನ ತಗೊಂಡು ಹೋಗಿದ್ದನ್ನ ನೀವು ನೋಡಿದ್ರಾ?"

ಮೇಸ್ತ್ರಿ ಬಾಗಿಲಲ್ಲಿ ಸೀಟಿಯ ದಾರ ಬೆರಳಿಗೆ ಸುತ್ತುತ್ತ ನಿಂತಿದ್ದ. ಗೋಡೆಯವ್ವ ಅವನ ಕಡೆ ನೋಡಿದಳು. ಅವನ ಮಗಳು ಬಾಣಂತನಕ್ಕೆ ಬಂದಿದ್ದ ವರ್ಷ ಗೋಡೆಯ ಮೇಲೊಂದು ಕಬ್ಬಿಣದ ತೊಟ್ಟಿಲು ಕೂತಿತ್ತು. ಸಂಜೆ ಇವನು ಬಂದು ಅದರ ಸುತ್ತ ಎರಡು ಸುತ್ತು ಹಾಕಿದ್ದ. ಗುಜರಿ ಅಂಗಡಿಯವನಾಗಿ ಗುಡ್ಡದವರ ಗೋಡೆಗೆ ಕೈ ಹಾಕುವುದೆಂದರೆ ಅವನಿಗೆ ಸಂಕೋಚ. ಆಗ ಗೋಡೆಯವ್ವ ತಾಡಪಾಲು ಮಡಚುವ ನೆವದಲ್ಲಿ ಬೆನ್ನು ತಿರುಗಿಸಿದ್ದಳು. ತಿರುಗುವಷ್ಟರಲ್ಲಿ ತೊಟ್ಟಿಲಿರಲಿಲ್ಲ. ಇವನೂ ಗೋಡೆಯಿಂದ ಎತ್ತಿಕೊಂಡವನೇ ಎಂಬ ಒಂದು ಮಾತು ಇವತ್ತು ಸಾಕಿತ್ತು. ಅವಳ ನಾಲಿಗೆಯ ತುದಿಗೆ ಬಂತು. ಅವನಿಗೂ ಅದು ಗೊತ್ತಾಯಿತು. ಕಣ್ಣು ಮುಚ್ಚಿಕೊಂಡ.

ಗೋಡೆಯವ್ವ ಅದನ್ನು ನುಂಗಿದಳು.

"ನೋಡಿಲ್ಲ," ಎಂದಳು. "ನೋಡೋ ಹಾಗಿಲ್ಲ. ಗೋಡೆ ಮೇಲೆ ಇಟ್ಟೋಳು ನಾನು. ಇಟ್ಟ ಮೇಲೆ ಯಾರು ತಗೊಂಡ್ರು ಅಂತ ತಿರುಗಿ ನೋಡಬಾರದು. ನಮ್ಮ ಕಟ್ಟಳೆ ಅದು."

"ಕಟ್ಟಳೆನಾ?" ಮ್ಯಾನೇಜರ್ ಮೇಜು ಗುದ್ದಿದ. "ಇಲ್ಲಿ ನಡಿಯೋದು ಕಾಯಿದೆ. ನೋಡಿದ್ದೀನಿ ಅನ್ನು. ಇಲ್ಲಾಂದ್ರೆ ನೀನೂ ಹೋಗ್ತೀಯ."

"ಹೋಗ್ತೀನಿ. ಅವಳನ್ನ ಕಳ್ಳಿ ಅಂತ ಅನ್ನಲ್ಲ. ಇಟ್ಟಿದ್ದನ್ನ ತಗೊಂಡೋಳು ಕಳ್ಳಿ ಆದ್ರೆ ನಮ್ಮಲ್ಲಿ ಸಾಚಾ ಅನ್ನೋನು ಒಬ್ಬನೂ ಇಲ್ಲ."

ಮೇಡಂ ತನ್ನ ಚೀಲದಿಂದ ಕಾಯಿದೆಯ ಪುಸ್ತಕ ತೆಗೆದಳು. ಏಕೆ ತೆಗೆದಳೋ, ಬಹುಶಃ ಅವಳಿಗೂ ಏನಾದರೂ ಹಿಡಿದುಕೊಳ್ಳಬೇಕಿತ್ತು. "ಇದು ಕಳ್ಳತನ ಅಲ್ಲ," ಎಂದಳು ಮ್ಯಾನೇಜರನಿಗೆ. "ಪೊಲೀಸಿಗೆ ಕೊಡೋದು ಬೇಡ. ಆದರೆ ಶೆಡ್ಡಿನ ನಿಯಮ ಮುರಿದಿದ್ದಾರೆ. ಅದಕ್ಕೆ ನೀವು ಏನು ಮಾಡ್ತೀರೋ ಅದು ನಿಮಗೆ ಬಿಟ್ಟಿದ್ದು."

"ಹಾಗಾದ್ರೆ ಇದನ್ನ ಒಯ್ಯಬಹುದಾ?" ಗಾಡಿಯಕ್ಕ ಮೊದಲ ಸಲ ತಲೆಯೆತ್ತಿದಳು. "ಕಾರ್ಡು ಬೇಕಾದ್ರೆ ಇಟ್ಕೊಳ್ಳಿ. ಮನೇಲಿ ಅವನು ತೆವಳ್ತಾನಮ್ಮ."

ಮೇಡಂ ಪುಸ್ತಕ ಬಿಚ್ಚಿದಳು. "ಮೊದಲನೇ ಕಲಮಲ್ಲೇ ಇದೆ. ಬಳಸೋಕೆ ಆಗೋದನ್ನ ಮೊದಲು ರಿಪೇರಿ ಮಾಡಿ ಬೇಕಾದವರಿಗೆ ಕೊಡಬೇಕು. ಆಗದೇ ಇದ್ರೆ ಮಾತ್ರ ಪುಡಿ ಮಾಡಬೇಕು."

ಗಾಡಿಯಕ್ಕನ ಕೈ ಆಗಲೇ ವಾಕರಿನ ಮೇಲಿತ್ತು.

"ಆದರೆ ಆ ಕಲಮಿಗೆ ಇನ್ನೂ ನಿಯಮ ಬಂದಿಲ್ಲ," ಎಂದಳು ಮೇಡಂ. ಪುಟದಿಂದ ಕಣ್ಣೆತ್ತಲಿಲ್ಲ. "ಯಾರು ಕೊಡಬೇಕು, ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಅಂತ ಸರ್ಕಾರ ಹೇಳಬೇಕು. ಹೇಳೋವರೆಗೂ ಕೊಡೋ ಹಾಗಿಲ್ಲ."

"ಯಾವಾಗ ಹೇಳುತ್ತೆ?"

"ಹೇಳುತ್ತೆ."

ಗೋಡೆಯವ್ವ ಕೇಳಿದಳು: "ಪುಡಿ ಮಾಡೋ ಕಲಮಿಗೆ ಯಾವಾಗ ಬಂತಮ್ಮ ನಿಯಮ?"

"ಕಾಯಿದೆ ಜೊತೇಲೇ ಬಂತು," ಎಂದಳು ಮೇಡಂ. ಪುಸ್ತಕ ಮುಚ್ಚಿದಳು. ಕೆಟ್ಟವಳಲ್ಲ ಅವಳು. ಕಣ್ಣಲ್ಲಿ ನೀರಿತ್ತು. ಆ ನೀರಿನಿಂದ ಯಾರ ಕಾಲೂ ಎದ್ದು ನಿಲ್ಲಲಿಲ್ಲ.

ಮ್ಯಾನೇಜರ್ ಇಬ್ಬರು ಹೆಂಗಸರ ಕಾರ್ಡನ್ನೂ ಕಿತ್ತುಕೊಂಡು, ಮೇಸ್ತ್ರಿಗೆ ವಾಕರನ್ನು ತೋರಿಸಿದ. "ಹಾಕು ಅದನ್ನ. ನೀನೇ ಹಾಕು. ಎಲ್ಲರೂ ನೋಡ್ಲಿ."

ಮೇಸ್ತ್ರಿ ಅದನ್ನು ಎತ್ತಿಕೊಂಡು ಹೋದ. ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ತೋಳಲ್ಲಿ ಎತ್ತಿಕೊಂಡಿದ್ದ. ಮನೆಗೆ ಹೊರಟಿದ್ದ ಹೆಂಗಸರು ಅಲ್ಲಲ್ಲೇ ನಿಂತರು. ಅಲ್ಯುಮಿನಿಯಮ್ಮಿನ ಬಾಯಿಯ ಮುಂದೆ ಅವನು ಒಂದು ಗಳಿಗೆ ನಿಂತ. ಆಗ ಒಂದು ಸಂಗತಿ ನಡೆಯಿತು. ಹೇಳಿಕೊಡುವವರು ಯಾರೂ ಇರಲಿಲ್ಲ. ಗುಡ್ಡದಿಂದ ಬಂದ ಹೆಂಗಸರೆಲ್ಲ, ಒಬ್ಬರ ಹಿಂದೆ ಒಬ್ಬರು, ಅವನ ಕಡೆಗೆ ಬೆನ್ನು ತಿರುಗಿಸಿ ನಿಂತರು. ನೋಡಬೇಕಾದವರು ಯಾರೂ ನೋಡಲಿಲ್ಲ. ಅವನು ಬೇಕೆಂದಿದ್ದರೆ ಬೇಲಿಯಾಚೆಗೆ ಎಸೆಯಬಹುದಿತ್ತು, ಎಲ್ಲಾದರೂ ಬಚ್ಚಿಡಬಹುದಿತ್ತು. ಯಾರೂ ಕಂಡಿದ್ದೇವೆ ಎನ್ನುತ್ತಿರಲಿಲ್ಲ. ಎಲ್ಲರೂ ಬೆನ್ನಿನಿಂದಲೇ ಕಾದರು.

ಸದ್ದು ಕೇಳಿತು. ಮೊದಲು ಕಟಕಟ, ಆಮೇಲೆ ಜಲ್ಲಿ ಸುರಿದ ಹಾಗೆ. ಬೇಗ ಮುಗಿಯಿತು. ಟೊಳ್ಳು ಕೊಳವೆ, ತೂಕ ಎಷ್ಟಿದ್ದೀತು.

ಗೋಡೆಯವ್ವ ನೀಲಿ ಕೋಟು ಬಿಚ್ಚಿದಳು. ಬೂಟು ಬಿಚ್ಚಿದಳು. ಗವಸುಗಳನ್ನು ಕೋಟಿನ ಜೇಬಿಗೆ ತುರುಕಿದಳು. ಎಲ್ಲವನ್ನೂ ಮಡಚಿ ನಲ್ಲಿಯ ಪಕ್ಕದ ಮೋಟುಗೋಡೆಯ ಮೇಲಿಟ್ಟಳು. "ಕಂಪನಿ ಸಾಮಾನು, ಆಫೀಸಿಗೆ ಕೊಡು," ಎಂದು ಕಾವಲಿನವನು ಗದರಿದ. ಅವಳು ತಿರುಗಿ ನೋಡಲಿಲ್ಲ. ಬೆಂಚಿನ ಕೆಳಗೆ ಕೆಲಸಕ್ಕೆ ಸೇರಿದಾಗ ಬಿಟ್ಟಿದ್ದ ಹಳೆಯ ಚಪ್ಪಲಿಗಳಿದ್ದವು. ಒಂದರ ಉಂಗುಷ್ಟ ಮೆಟ್ಟುತ್ತಲೇ ಕಿತ್ತುಬಂತು. ಇನ್ನೊಂದನ್ನು ಮೆಟ್ಟಿಕೊಂಡು, ಒಂದು ಕಾಲು ಬರಿಗಾಲಲ್ಲಿ, ಇಟ್ಟಿಗೆ ಪುಡಿಯ ದಾರಿ ಹಿಡಿದು ಹೊರಟಳು. ಗಾಡಿಯಕ್ಕನೂ ಕೋಟು, ಬೂಟು ಬಿಚ್ಚಿಟ್ಟು ತನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿ ಬಂದಳು.

ಗಾಡಿಯಣ್ಣ ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಿದ್ದ. ಇಬ್ಬರ ಮುಖ ನೋಡಿದ. ಕೋಟಿಲ್ಲದ್ದನ್ನು ನೋಡಿದ. "ಏನು, ಇಬ್ಬರನ್ನೂ ಗುಜರಿಗೆ ಹಾಕಿದ್ರಾ?"

ಗಾಡಿಯಕ್ಕ ನಡೆದದ್ದನ್ನು ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ವಾಕರ್ ಹೇಗಿತ್ತು, ಎಷ್ಟು ಎತ್ತರವಿತ್ತು, ಹಿಡಿದರೆ ಎಷ್ಟು ಹಗುರ, ಯಾವ ಕಾಲಿಗೆ ರಬ್ಬರಿರಲಿಲ್ಲ, ಎಲ್ಲ. ಅವನು ಕೇಳುತ್ತ ಕೇಳುತ್ತ ಎರಡೂ ಕೈಯನ್ನು ಮುಂದಕ್ಕೆ ಚಾಚಿ, ಗಾಳಿಯಲ್ಲಿ ಯಾವುದನ್ನೋ ಹಿಡಿದ ಹಾಗೆ ಮುಷ್ಟಿ ಕಟ್ಟಿದ್ದ. ಅದು ಅವನ ಗಮನಕ್ಕೇ ಬಂದಿರಲಿಲ್ಲ. ಹೆಂಡತಿ ಮಾತು ನಿಲ್ಲಿಸಿದಾಗ ನೋಡಿಕೊಂಡು ಕೈ ಕೆಳಗಿಳಿಸಿದ.

ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: "ಹೊತ್ತಾಯ್ತು ಕಣೇ. ತಡ್ಕೊಂಡು ಕೂತಿದ್ದೆ."

ಗಾಡಿಯಕ್ಕ ಬೆನ್ನು ಬಗ್ಗಿಸಿದಳು. ಗೋಡೆಯವ್ವ, "ತಡಿ," ಎಂದಳು. ಅವನ ಒಂದು ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಇನ್ನೊಂದನ್ನು ಗಾಡಿಯಕ್ಕ ಹಾಕಿಕೊಂಡಳು. ಸೊಂಟ ಹಿಡಿದು ಎತ್ತಿದರು. ನೋವಿಗೆ ಅವನು ಹಲ್ಲು ಕಚ್ಚಿದ. ಆದರೆ ನಿಂತ. ಎಷ್ಟೋ ದಿನದ ಮೇಲೆ ನಿಂತಿದ್ದ. ನಿಂತ ಕಣ್ಣಿಗೆ ಓಣಿ ಬೇರೆಯೇ ಕಂಡಿತು.

ಅಂಗಳ ದಾಟಿ ಪಾಯಿಖಾನೆಯವರೆಗೆ ಒಂದೊಂದೇ ಹೆಜ್ಜೆ ಇಡುತ್ತ ಹೋದರು. ಓಣಿಯವರು ತಂತಮ್ಮ ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಮುಖ ಅತ್ತ ತಿರುಗಿಸಿಕೊಂಡರು. ಅರ್ಧ ದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ಗಾಡಿಯಣ್ಣ ಕೆಳಗೆ ನೋಡಿದ. ತನ್ನ ಎರಡೂ ಪಕ್ಕ ಹೆಂಗಸರ ನಾಲ್ಕು ಕಾಲುಗಳಿದ್ದವು. ಮೂರಕ್ಕೆ ಚಪ್ಪಲಿಯಿತ್ತು.

"ಇದಕ್ಕೂ ಒಂದು ಕಾಲಿಗೆ ರಬ್ಬರಿಲ್ಲ ನೋಡು," ಎಂದ.

ಇಬ್ಬರಲ್ಲಿ ಯಾರೂ ನಗಲಿಲ್ಲ. ಅವನ ಭಾರ ಜಾರದ ಹಾಗೆ ಹೆಗಲು ಸರಿಮಾಡಿಕೊಂಡು ಗೋಡೆಯವ್ವ ಬರಿಗಾಲನ್ನು ಮುಂದಿಟ್ಟಳು.